ಮಂಗಳೂರಿನ ಸಂಜೆ ವಿಮಾನ: ಇಳಿಯದೆ ಮೇಲೇರಿದ್ದಕ್ಕೆ ನಾಲ್ಕು ನಕ್ಷತ್ರ

ಐದರಲ್ಲಿ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. ನಾಲ್ಕೂ ಕಾಕ್‌ಪಿಟ್‌ನಲ್ಲಿ ಕುಳಿತಿದ್ದ ಇಬ್ಬರಿಗೆ ಸಲ್ಲಬೇಕು. ಉಳಿದ ಒಂದನ್ನು ಯಾಕೆ ಕೊಡಲಿಲ್ಲ ಎಂಬುದನ್ನು ಮುಂದೆ ಬರೆಯುತ್ತೇನೆ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಇದೇ ಸಂಜೆಯ ವಿಮಾನಕ್ಕೆ, ಇದೇ ದಿನದ ಪ್ರಯಾಣಕ್ಕೆ, ನನ್ನ ಜೊತೆ ಬಂದವರಲ್ಲಿ ಕೆಲವರು ಒಂದು ನಕ್ಷತ್ರ ಕೊಟ್ಟು ‘ಪೈಲಟ್‌ಗೆ ಇಳಿಸಲು ಬರುವುದಿಲ್ಲ’, ‘ಜೀವದ ಜೊತೆ ಆಟ’ ಎಂದೆಲ್ಲ ಬರೆದಿದ್ದಾರೆ. ಅವರ ಭಯ ಸುಳ್ಳಲ್ಲ. ಚಕ್ರ ನೆಲಕ್ಕೆ ಬಡಿದ ಮೇಲೂ ವಿಮಾನ ಮತ್ತೆ ಆಕಾಶಕ್ಕೆ ಏರಿದರೆ ಯಾರ ಎದೆಯಾದರೂ ನಡುಗುತ್ತದೆ. ಆದರೆ ಅವರು ಕೊಟ್ಟ ತೀರ್ಪು ತಲೆಕೆಳಗಾಗಿದೆ. ಅದನ್ನು ಹಾಗೆಯೇ ಬಿಟ್ಟರೆ ಮುಂದೆ ಟಿಕೆಟ್ ತೆಗೆಯುವವರು ತಪ್ಪು ತಿಳಿಯುತ್ತಾರೆ ಎಂದು ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಾನು ವಿಮಾನ ನಿರ್ವಹಣೆಯ ಎಂಜಿನಿಯರ್ ಆಗಿದ್ದು ನಿವೃತ್ತನಾದವನು. ಎಚ್‌ಎಎಲ್ ನಿಲ್ದಾಣದ ಕಾಲದಲ್ಲಿ ಶುರುವಾದ ನೌಕರಿ ದೇವನಹಳ್ಳಿಯಲ್ಲಿ ಮುಗಿಯಿತು. ವಿಮಾನ ಹಾರಿಸುವುದು ನನ್ನ ಕೆಲಸವಾಗಿರಲಿಲ್ಲ. ಜೋರಾಗಿ ಇಳಿದು ಬಂದ ವಿಮಾನದ ಹೊಟ್ಟೆಯ ಕೆಳಗೆ ಟಾರ್ಚ್ ಹಿಡಿದು ನುಸುಳಿ, ಎಲ್ಲಿ ಬಿರುಕು, ಎಲ್ಲಿ ಸುಕ್ಕು, ಎಲ್ಲಿ ಎಣ್ಣೆ ಎಂದು ಹುಡುಕುವುದು ನನ್ನ ಕೆಲಸ. ಹಾಗಾಗಿ ಟಿಕೆಟ್ ಕಾದಿರಿಸುವಾಗ ಸಾಧ್ಯವಾದರೆ ರೆಕ್ಕೆಯ ಮೇಲ್ಭಾಗ ಚೆನ್ನಾಗಿ ಕಾಣುವಂತೆ ಸ್ವಲ್ಪ ಹಿಂದಿನ ಕಿಟಕಿಯ ಸೀಟನ್ನೇ ಕೇಳುತ್ತೇನೆ. ಅಂದೂ ಅದೇ ಸಿಕ್ಕಿತ್ತು.

ಏರ್‌ಬಸ್ ಎ320 ವಿಮಾನ. ಆಷಾಢದ ಸಂಜೆ. ಕರಾವಳಿಯ ಮೇಲೆ ಮೋಡ ಕವಿದಿತ್ತು, ಆದರೆ ಕೆಳಗೆ ಇಳಿದಂತೆ ಬಜ್ಪೆಯ ಬೆಳಕುಗಳು ಸ್ಪಷ್ಟವಾಗಿ ಕಂಡವು. ರನ್‌ವೇ ಒದ್ದೆಯಾಗಿ ಹೊಳೆಯುತ್ತಿತ್ತು. ಕೊನೆಯ ಕ್ಷಣದಲ್ಲಿ ಗಾಳಿ ಒಂದು ಬದಿಯಿಂದ ದೂಡಿದ್ದು ಸೀಟಿನಲ್ಲಿಯೇ ಗೊತ್ತಾಯಿತು. ವಿಮಾನ ಅಂದುಕೊಂಡದ್ದಕ್ಕಿಂತ ಬೇಗ ಕುಸಿಯಿತು. ಚಕ್ರಗಳು ಬಡಿದವು. ತಲೆಯ ಮೇಲಿನ ಸಾಮಾನಿನ ಡಬ್ಬಿಗಳೆಲ್ಲ ಒಟ್ಟಿಗೆ ಕಟಕಟಿಸಿದವು. ರೆಕ್ಕೆಯ ಮೇಲಿನ ಸ್ಪಾಯ್ಲರ್ ಹಲಗೆಗಳು ಸಟ್ಟನೆ ಎದ್ದು ನಿಂತವು. ಅಷ್ಟರಲ್ಲಿ ಕೆಳಗಿನ ಗಡಗಡ ಸದ್ದು ನಿಂತುಹೋಯಿತು. ಅಂದರೆ ನಾವು ಪುಟಿದು ಮತ್ತೆ ಗಾಳಿಯಲ್ಲಿದ್ದೆವು, ಸ್ಪಾಯ್ಲರ್‌ಗಳು ಇನ್ನೂ ಎದ್ದೇ ಇದ್ದವು.

ಇಡೀ ಪ್ರಯಾಣದಲ್ಲಿ ವಿಮರ್ಶೆಗೆ ಯೋಗ್ಯವಾದ ಕೆಲವು ಸೆಕೆಂಡುಗಳು ಇವೇ, ಆದ್ದರಿಂದ ನಿಧಾನವಾಗಿ ಬರೆಯುತ್ತೇನೆ. ಸ್ಪಾಯ್ಲರ್ ಎದ್ದಿದ್ದರೆ ರೆಕ್ಕೆ ತನ್ನ ಎತ್ತುವ ಶಕ್ತಿಯ ದೊಡ್ಡ ಭಾಗವನ್ನು ಕಳೆದುಕೊಂಡಿರುತ್ತದೆ. ಎಂಜಿನ್‌ಗಳು ಐಡಲ್‌ನಲ್ಲಿ, ಅಂದರೆ ಕನಿಷ್ಠ ಬಲದಲ್ಲಿ, ಇರುತ್ತವೆ. ವೇಗ ಇಳಿಯುತ್ತಿರುತ್ತದೆ. ವಿಮಾನ ನೆಲದಿಂದ ಕೆಲವೇ ಅಡಿ ಮೇಲೆ ಇದೆ, ಇನ್ನೊಮ್ಮೆ ಬೀಳಲಿದೆ. ಆಗ ಪೈಲಟ್‌ನ ಕೈ ಸಹಜವಾಗಿ ಎರಡು ತಪ್ಪುಗಳತ್ತ ಹೋಗಲು ನೋಡುತ್ತದೆ. ಮೂಗನ್ನು ಕೆಳಗೆ ತಳ್ಳಿ ಬೇಗ ನೆಲಕ್ಕೆ ಕೂರಿಸೋಣ ಎನ್ನಿಸುವುದು ಒಂದು. ಬೀಳುವುದನ್ನು ತಡೆಯಲು ಮೂಗನ್ನು ಮೇಲಕ್ಕೆ ಎಳೆಯೋಣ ಎನ್ನಿಸುವುದು ಇನ್ನೊಂದು. ಮೊದಲನೆಯದರಲ್ಲಿ ಮುಂದಿನ ಚಕ್ರ ಮೊದಲು ಬಡಿದು ವಿಮಾನ ಇನ್ನೂ ಎತ್ತರಕ್ಕೆ ಪುಟಿಯುತ್ತದೆ. ಎರಡನೆಯದರಲ್ಲಿ ಬಾಲ ರನ್‌ವೇಗೆ ಉಜ್ಜುತ್ತದೆ.

ಇದು ಪುಸ್ತಕದ ಮಾತಲ್ಲ. 2009ರ ಮಾರ್ಚ್ 23ರಂದು ಜಪಾನಿನ ನರಿಟಾದಲ್ಲಿ ಫೆಡೆಕ್ಸ್‌ನ ಎಂಡಿ-11 ಸರಕು ವಿಮಾನ ಹೀಗೆಯೇ ಪುಟಿಯಿತು. ಮೂಗು ಕೆಳಗಾಯಿತು, ಮತ್ತೆ ಪುಟಿಯಿತು, ಕೊನೆಯ ಹೊಡೆತಕ್ಕೆ ಎಡ ರೆಕ್ಕೆ ಮುರಿದು ಬೆಂಕಿ ಹೊತ್ತಿಕೊಂಡು ಮಗುಚಿತು. ಇಬ್ಬರು ಪೈಲಟ್‌ಗಳೂ ಉಳಿಯಲಿಲ್ಲ. 2019ರ ಮೇ 5ರಂದು ಮಾಸ್ಕೋದ ಶೆರೆಮೆಟ್ಯೆವೊದಲ್ಲಿ ಏರೋಫ್ಲೋಟ್‌ನ ಸೂಪರ್‌ಜೆಟ್ ಸಿಡಿಲು ಬಡಿದ ನಂತರ ಹಿಂದಿರುಗಿ ಇಳಿಯುವಾಗ ಪುಟಿಪುಟಿದು ಲ್ಯಾಂಡಿಂಗ್ ಗೇರ್ ಮುರಿದು ಉರಿಯಿತು, 78 ಜನರಲ್ಲಿ 41 ಮಂದಿ ಸತ್ತರು. ಎರಡರಲ್ಲೂ ಮೊದಲ ಹೊಡೆತವೊಂದೇ ವಿಮಾನವನ್ನು ಮುರಿಯಲಿಲ್ಲ. ನಂತರದ ಹೊಡೆತಗಳು ಮುರಿದವು.

ಆದ್ದರಿಂದ ತರಬೇತಿಯಲ್ಲಿ ಕಲಿಸುವುದು ತುಂಬ ಸರಳ. ಮೂಗು ಇದ್ದಲ್ಲಿಯೇ ಇರಲಿ. ಪುಟಿದದ್ದು ಸಣ್ಣದಾದರೆ, ಅಂದರೆ 5 ಅಡಿಯೋ ಅದಕ್ಕಿಂತ ಕಡಿಮೆಯೋ ಆದರೆ, ಹಾಗೆಯೇ ಹಿಡಿದು ಎರಡನೆಯ ಸಲ ಇಳಿಯಲು ಬಿಡು. ಅದಕ್ಕಿಂತ ಎತ್ತರ ಎನ್ನಿಸಿದರೆ ಎಂಜಿನ್ ಬಲದ ಲಿವರ್‌ಗಳನ್ನು ಪೂರ್ತಿ ಮುಂದಕ್ಕೆ ತಳ್ಳು, ಮೇಲೇರು. ಇಳಿಯುವುದನ್ನು ಬಿಟ್ಟು ಹೀಗೆ ಮೇಲೇರುವುದಕ್ಕೆ ಗೋ-ಅರೌಂಡ್ ಎನ್ನುತ್ತಾರೆ. ಮೇಲೇರುವ ಮೊದಲು ಚಕ್ರ ಇನ್ನೊಮ್ಮೆ ನೆಲ ಮುಟ್ಟಿದರೆ ಮುಟ್ಟಲಿ, ಅದನ್ನು ತಪ್ಪಿಸಲು ಹೋಗಬೇಡ. ಚಕ್ರಗಳನ್ನು ಆತುರದಿಂದ ಮಡಚಬೇಡ, ರೆಕ್ಕೆಯ ಹಿಂಬದಿಯಲ್ಲಿ ಚಾಚಿರುವ ಫ್ಲಾಪ್ ಹಲಗೆಗಳನ್ನು ಮುಟ್ಟಬೇಡ, ವಿಮಾನ ನಿಜವಾಗಿ ಏರುತ್ತಿದೆ ಎಂದು ಖಚಿತವಾದ ಮೇಲೆ ಅವೆಲ್ಲ.

ಕಿಟಕಿಯಿಂದ ನಾನು ಕಂಡದ್ದು ಇದನ್ನೇ, ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೂಗು ಅಲುಗಲಿಲ್ಲ. ಎದ್ದಿದ್ದ ಸ್ಪಾಯ್ಲರ್‌ಗಳು ಒಮ್ಮೆಲೇ ಮಲಗಿದವು. ಲಿವರ್‌ಗಳು ಟೋಗಾ ಎಂಬ ಪೂರ್ಣ ಬಲದ ಸ್ಥಾನಕ್ಕೆ ಹೋದವು ಎಂಬುದಕ್ಕೆ ಪ್ರಯಾಣಿಕನಿಗೆ ಸಿಗುವ ಮೊದಲ ಸಾಕ್ಷಿ ಅದು. ಎಂಜಿನ್ ಸದ್ದು ಅದರ ನಂತರ ಬರುತ್ತದೆ. ಜೆಟ್ ಎಂಜಿನ್‌ಗೆ ಐಡಲ್‌ನಿಂದ ಪೂರ್ಣ ಬಲಕ್ಕೆ ಬರಲು ಕೆಲವು ಸೆಕೆಂಡು ಬೇಕು. ಗೋ-ಅರೌಂಡ್‌ನ ಏರುವಿಕೆಯನ್ನು ಲೆಕ್ಕ ಹಾಕುವಾಗ ನಿಯಮಗಳೇ ಅದಕ್ಕೆ 8 ಸೆಕೆಂಡು ಬಿಡುತ್ತವೆ. ಆ ಅಂತರದಲ್ಲಿ ನಮ್ಮ ಚಕ್ರಗಳು ಇನ್ನೊಮ್ಮೆ ನೆಲ ಮುಟ್ಟಿದವು, ಈ ಸಲ ಹಗುರವಾಗಿ. ಆಮೇಲೆ ಬಲ ಬಂತು, ಬೆನ್ನು ಸೀಟಿಗೆ ಒತ್ತಿತು, ಒದ್ದೆ ರನ್‌ವೇ ಕೆಳಗೆ ಸರಿಯಿತು. ಅದಾಗಿ ಒಂದು ಘಳಿಗೆಯ ನಂತರವೇ ಚಕ್ರ ಮಡಚಿದ ಸದ್ದು ಕೇಳಿಸಿತು. ಆ ಕ್ರಮವನ್ನು ಕೇಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ.

ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 2016ರ ಆಗಸ್ಟ್ 3ರಂದು ದುಬೈಯಲ್ಲಿ ನಡೆದದ್ದನ್ನು ನೋಡಬೇಕು. ತಿರುವನಂತಪುರದಿಂದ 300 ಜನರನ್ನು ಹೊತ್ತು ಬಂದ ಎಮಿರೇಟ್ಸ್‌ನ ಬೋಯಿಂಗ್ 777 ರನ್‌ವೇಯ ಮೇಲೆ ತೇಲುತ್ತ ದೂರ ಹೋಗಿ ಚಕ್ರ ಮುಟ್ಟಿಸಿತು. ಪೈಲಟ್‌ಗಳು ಮೇಲೇರುವ ನಿರ್ಧಾರ ಮಾಡಿದರು. ನಿರ್ಧಾರದಲ್ಲಿ ದೋಷವಿರಲಿಲ್ಲ. ಗೋ-ಅರೌಂಡ್ ಗುಂಡಿ ಒತ್ತಿದರು, ಆದರೆ ಚಕ್ರ ನೆಲ ಮುಟ್ಟಿದ ಮೇಲೆ ಆ ಗುಂಡಿ ಕೆಲಸ ಮಾಡದಂತೆ ವಿಮಾನವನ್ನು ರಚಿಸಲಾಗಿದೆ. ಲಿವರ್‌ಗಳು ಐಡಲ್‌ನಲ್ಲಿಯೇ ಉಳಿದವು. ಬಲ ಬಂದಿಲ್ಲ ಎಂಬುದನ್ನು ಗಮನಿಸುವ ಮೊದಲೇ ಚಕ್ರ ಮಡಚಿದರು. ವಿಮಾನ ಸುಮಾರು 85 ಅಡಿ ಏರಿ ಹೊಟ್ಟೆಯ ಮೇಲೆ ಕುಸಿಯಿತು. ಒಳಗಿದ್ದವರೆಲ್ಲ ಹೊರಬಂದರು, ಬೆಂಕಿ ಆರಿಸಲು ಬಂದ ಒಬ್ಬ ಅಗ್ನಿಶಾಮಕ ಸಿಬ್ಬಂದಿ ಪ್ರಾಣ ಕೊಟ್ಟರು. ಎ320ರಲ್ಲಿ ಇಂಥ ಗುಂಡಿ ಇಲ್ಲ, ಲಿವರ್‌ಗಳನ್ನು ಕೈಯಾರೆ ಕೊನೆಯ ಗಡಿಯವರೆಗೆ ತಳ್ಳಬೇಕು. ಎಂಜಿನಿಯರ್ ಆಗಿ ನನಗೆ ಈ ವ್ಯವಸ್ಥೆಯೇ ಹೆಚ್ಚು ಇಷ್ಟ. ಆದರೂ ತಳ್ಳಿದ ಮೇಲೆ ಬಲ ಬಂತೇ ಎಂದು ನೋಡುವ ಕಣ್ಣು, ಏರುತ್ತಿದ್ದೇವೆ ಎಂದು ಹೇಳುವ ಬಾಯಿ ಎರಡೂ ಬೇಕು. ಕಾಕ್‌ಪಿಟ್‌ನಲ್ಲಿ ಇಬ್ಬರು ಇರುವುದು ಅದಕ್ಕೇ.

ಮತ್ತು ಇದು ಮಂಗಳೂರು. ಕೆಂಜಾರಿನ ಗುಡ್ಡದ ತಲೆ ಕಡಿದು ಮಾಡಿದ, 2,450 ಮೀಟರ್ ಉದ್ದದ ರನ್‌ವೇ. ಅದು ಮುಗಿದಲ್ಲಿ ಕಣಿವೆ. 2010ರ ಮೇ 22ರ ಬೆಳಿಗ್ಗೆಯನ್ನು ಕರಾವಳಿಯಲ್ಲಿ ಯಾರೂ ಮರೆತಿಲ್ಲ. ದುಬೈಯಿಂದ ಬಂದ ಬೋಯಿಂಗ್ 737 ತೀರ ಎತ್ತರದಲ್ಲಿ, ತೀರ ವೇಗವಾಗಿ ಬಂತು. ಫಸ್ಟ್ ಆಫೀಸರ್, ಅಂದರೆ ಸಹ-ಪೈಲಟ್, ಮೇಲೇರೋಣ ಎಂದು ಮೂರು ಸಲ ಹೇಳಿದರು. ಕ್ಯಾಪ್ಟನ್ ಇಳಿಯುವುದನ್ನೇ ಮುಂದುವರಿಸಿದರು. ಚಕ್ರ ಮುಟ್ಟಿದ್ದು ರನ್‌ವೇಯ ಆರಂಭದಿಂದ ಸುಮಾರು 5,200 ಅಡಿ ದಾಟಿದ ಮೇಲೆ. ರಿವರ್ಸ್ ಹಾಕಿ, ಅಂದರೆ ವೇಗ ತಗ್ಗಿಸಲು ಎಂಜಿನ್ ಬಲವನ್ನು ಎದುರು ದಿಕ್ಕಿಗೆ ತಿರುಗಿಸಿ, ಬ್ರೇಕ್ ಒತ್ತಿದ ನಂತರ ಮನಸ್ಸು ಬದಲಿಸಿ ಮೇಲೇರಲು ನೋಡಿದರು, ಆಗ ಕಾಲ ಮೀರಿತ್ತು. 158 ಜನ ಹೋದರು, 8 ಜನ ಉಳಿದರು. ಗೋ-ಅರೌಂಡ್‌ಗೆ ಒಂದು ಬಾಗಿಲಿದೆ, ಅದು ರಿವರ್ಸ್ ಎಳೆದ ಕ್ಷಣಕ್ಕೆ ಮುಚ್ಚುತ್ತದೆ. ಅಲ್ಲಿಂದ ಮುಂದೆ ನಿಲ್ಲಿಸುವುದೊಂದೇ ದಾರಿ. ಅಂದು ಎರಡೂ ಕಡೆ ತಪ್ಪಾಯಿತು. ಬೇಕಾದಾಗ ಏರಲಿಲ್ಲ, ಏರಬಾರದಾಗ ಏರಲು ಹೋದರು.

ನಮ್ಮ ವಿಮಾನದಲ್ಲಿ ರಿವರ್ಸ್ ಸದ್ದು ಬಂದಿರಲಿಲ್ಲ. ಬಾಗಿಲು ಇನ್ನೂ ತೆರೆದಿದ್ದಾಗಲೇ ಅವರು ಹೊರಟರು. ಅದೂ ಯಾವ ರನ್‌ವೇಯ ಮೇಲೆ! ‘ಪುಟಿದರೂ ಹೇಗೋ ಕೂರಿಸಿಬಿಡೋಣ, ಇನ್ನೂ ಜಾಗ ಇದೆ’ ಎಂದು ಎಣಿಸಲು ಕಡೆಯದಾಗಿ ಆರಿಸಬೇಕಾದ ಸ್ಥಳ ಅದು. ಫ್ಲೈಟ್ ಸೇಫ್ಟಿ ಫೌಂಡೇಶನ್ ನಡೆಸಿದ ಅಧ್ಯಯನದ ಪ್ರಕಾರ, ಅಸ್ಥಿರವಾಗಿ ಇಳಿಯುತ್ತಿರುವ ನೂರು ಸಂದರ್ಭಗಳಲ್ಲಿ ಪೈಲಟ್‌ಗಳು ಗೋ-ಅರೌಂಡ್ ಮಾಡುವುದು ಸುಮಾರು ಮೂರರಲ್ಲಿ ಮಾತ್ರ. ಉಳಿದ ತೊಂಬತ್ತೇಳರಲ್ಲಿ ಇಳಿದೇ ಬಿಡುತ್ತಾರೆ, ಹೆಚ್ಚಿನವು ಸರಿಹೋಗುತ್ತವೆ, ಪ್ರಯಾಣಿಕರಿಗೆ ಗೊತ್ತೂ ಆಗುವುದಿಲ್ಲ. ಅಂಥ ಪ್ರಯಾಣಗಳಿಗೆ ನಾವು ಸಂತೋಷದಿಂದ ಐದು ನಕ್ಷತ್ರ ಕೊಟ್ಟಿರುತ್ತೇವೆ. ನಿಯಮದಂತೆ ಮೇಲೇರಿದವರಿಗೆ ಒಂದು ನಕ್ಷತ್ರ! ಇದನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು. ಗೋ-ಅರೌಂಡ್ ಮಾಡಿದ್ದಕ್ಕೆ ಪೈಲಟ್‌ನನ್ನು ದಂಡಿಸಬಾರದು ಎಂಬ ಪದ್ಧತಿ ವಿಮಾನಯಾನದಲ್ಲಿ ಬೇರೂರಲು ಎಷ್ಟೋ ಹೆಣಗಳು ಬೀಳಬೇಕಾಯಿತು. ಪ್ರಯಾಣಿಕರಾದ ನಾವು ಬೇರೆ ದಾರಿಯಿಂದ ಅದೇ ದಂಡನೆಯನ್ನು ಮರಳಿ ತರಬಾರದು.

ಈಗ ಕೊಡದೆ ಉಳಿದ ನಕ್ಷತ್ರದ ವಿಷಯ.

ನನ್ನ ಪಕ್ಕದಲ್ಲಿ ವಯಸ್ಸಾದ ಒಬ್ಬ ತಾಯಿ ಕುಳಿತಿದ್ದರು. ಬೆಂಗಳೂರಿನ ಮಗನ ಮನೆಯಿಂದ ಊರಿಗೆ ಮರಳುತ್ತಿದ್ದವರು. ಬಡಿತದ ಸದ್ದಿಗೆ ಅವರ ಕೈ ಬ್ಯಾಗಿನಲ್ಲಿದ್ದ ಜಪಮಾಲೆಗೆ ಹೋಯಿತು. ವಿಮಾನ ಏರಿ ಸಮುದ್ರದ ಮೇಲೆ ತಿರುಗತೊಡಗಿದಾಗ ನನ್ನ ತೋಳು ಹಿಡಿದು ಕೇಳಿದರು: ‘ಏನಾಯಿತು ಮಾರಾಯರೇ? ಇಳಿದದ್ದು ಹೌದಲ್ಲ, ಪುನಃ ಯಾಕೆ ಹಾರಿತು?’

‘ಇಳಿದದ್ದು ಅವರಿಗೆ ಸರಿ ಕಾಣಲಿಲ್ಲ ಅಮ್ಮ, ಇನ್ನೊಮ್ಮೆ ಸರಿಯಾಗಿ ಇಳಿಸುತ್ತಾರೆ’ ಎಂದೆ.

‘ಚಕ್ರ ಮುರಿದಿದೆಯೇ?’

‘ಮುರಿದ ಹಾಗೆ ಕಾಣುವುದಿಲ್ಲ. ಮಡಚಿದ ಸದ್ದು ಕೇಳಿದಿರಲ್ಲ, ಎರಡೂ ಕಡೆ ಒಂದೇ ಹಾಗೆ ಬಂತು.’

ಅವರು ನಂಬಿದರೋ ಇಲ್ಲವೋ, ಜಪಮಾಲೆಯ ಮಣಿ ಸರಿಯುವ ವೇಗ ಮಾತ್ರ ಸ್ವಲ್ಪ ತಗ್ಗಿತು. ಇಡೀ ವಿಮಾನದಲ್ಲಿ ಅಂಥ ಪ್ರಶ್ನೆ ಎಷ್ಟು ಜನರಲ್ಲಿ ಇತ್ತೋ. ಉತ್ತರ ಕೊಡಬೇಕಾದವರು ಸುಮ್ಮನಿದ್ದರು.

ಕಾಕ್‌ಪಿಟ್‌ನ ಮೌನವನ್ನು ನಾನು ದೂರುವುದಿಲ್ಲ. ಮೊದಲು ವಿಮಾನ ಹಾರಿಸು, ಆಮೇಲೆ ದಿಕ್ಕು ನೋಡು, ಆಮೇಲೆ ಮಾತಾಡು ಎಂಬುದು ಅವರ ಪಾಠ, ಅದು ಸರಿಯಾದ ಪಾಠ. ಗೋ-ಅರೌಂಡ್ ಸ್ವತಃ ಸುಲಭದ ಕೆಲಸವಲ್ಲ. ಹಗುರವಾಗಿರುವ ವಿಮಾನಕ್ಕೆ ಪೂರ್ಣ ಬಲ ಕೊಟ್ಟಾಗ ಅದು ಮುನ್ನುಗ್ಗುವ ರಭಸಕ್ಕೆ ಒಳಕಿವಿ ಮೋಸ ಹೋಗಿ, ಮೂಗು ಆಕಾಶಕ್ಕೆ ಏರುತ್ತಿದೆ ಎಂಬ ಭ್ರಮೆ ಹುಟ್ಟುತ್ತದೆ. ಹೊರಗೆ ಕತ್ತಲೆ ಅಥವಾ ಮೋಡವಿದ್ದರೆ ಆ ಭ್ರಮೆಯನ್ನು ತಿದ್ದಲು ಮುಂದಿನ ಉಪಕರಣಗಳು ಮಾತ್ರ ಇರುತ್ತವೆ. ರಷ್ಯಾದಲ್ಲಿ 2013ರ ನವೆಂಬರ್‌ನಲ್ಲಿ ಕಜಾನ್‌ನಲ್ಲಿ 50 ಜನ, 2016ರ ಮಾರ್ಚ್‌ನಲ್ಲಿ ರೊಸ್ತೊವ್‌ನಲ್ಲಿ 62 ಜನ ಸತ್ತದ್ದು ಗೋ-ಅರೌಂಡ್ ಮಾಡುವಾಗಲೇ. ಎರಡೂ ಸಲ ಮೇಲೇರುತ್ತಿದ್ದ ವಿಮಾನದ ಮೂಗು ಕೆಳಗಾಗಿ ಅದು ನೆಲಕ್ಕೆ ಬಿತ್ತು. ಅಂಥ ಹೊತ್ತಿನಲ್ಲಿ ಪೈಲಟ್ ಮೈಕ್ ಹಿಡಿಯುವುದನ್ನು ನಾನು ಖಂಡಿತ ಬಯಸುವುದಿಲ್ಲ.

ಆದರೆ ವಿಮಾನ ಸಮತಟ್ಟಾಗಿ ಹಾರತೊಡಗಿ, ಫ್ಲಾಪ್‌ಗಳೆಲ್ಲ ಒಳಗೆ ಸರಿದು, ಎಂಜಿನ್ ಸದ್ದು ತಗ್ಗಿದ ಮೇಲೆಯೂ ಕ್ಯಾಬಿನ್‌ನಲ್ಲಿ ಒಂದು ಮಾತಿಲ್ಲ. ಗಗನಸಖಿಯರು ತಮ್ಮ ಸೀಟುಗಳಲ್ಲಿ ಬೆಲ್ಟ್ ಹಾಕಿಕೊಂಡು ಕುಳಿತಿದ್ದರು, ಅದು ಸರಿಯೇ, ಆದರೆ ಅವರ ಕೈಯ ಹತ್ತಿರವೇ ಹ್ಯಾಂಡ್‌ಸೆಟ್ ತೂಗುತ್ತಿತ್ತು. ಹಿಂದಿನ ಸಾಲಿನಲ್ಲಿ ಒಂದು ಮಗು ಅಳುತ್ತಿತ್ತು, ಯಾರೋ ಮೊಬೈಲ್ ತೆಗೆದು ವಿಡಿಯೊ ಮಾಡುತ್ತಿದ್ದರು. ಕೊನೆಗೆ ಪ್ರಕಟಣೆ ಬಂದದ್ದು ಎರಡನೆಯ ಸಲ ಇಳಿಯಲು ಇನ್ನೇನು ಕೆಲವು ನಿಮಿಷ ಇದೆ ಎನ್ನುವಾಗ. ಅದೂ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ‘ತಾಂತ್ರಿಕ ಕಾರಣದಿಂದ’ ಇಳಿಯಲಾಗಲಿಲ್ಲ ಎಂದರು. ಈ ಎರಡು ಶಬ್ದಗಳಿಂದ ಆದ ಹಾನಿ ಮೌನದಿಂದಲೂ ಆಗಿರಲಿಲ್ಲ. ವಿಮಾನ ಕೆಟ್ಟಿದೆ ಎಂದೇ ಎಲ್ಲರೂ ತಿಳಿದರು. ಒಂದು ನಕ್ಷತ್ರದ ವಿಮರ್ಶೆಗಳಲ್ಲಿ ‘ಕೆಟ್ಟ ವಿಮಾನ’ ಎಂಬ ಮಾತು ಹುಟ್ಟಿದ್ದು ಅಲ್ಲಿಂದಲೇ. ಕನ್ನಡ, ತುಳು, ಕೊಂಕಣಿ ಮಾತಾಡುವ ಜನರಿಂದ ತುಂಬಿದ ವಿಮಾನ ಅದು. ಪಕ್ಕದ ಅಮ್ಮನಿಗೆ ಆ ಪ್ರಕಟಣೆಯನ್ನೂ ನಾನೇ ತಿಳಿಸಿ ಹೇಳಬೇಕಾಯಿತು.

ಹೇಳಬೇಕಿದ್ದದ್ದು ಇಷ್ಟೇ: ‘ನೆಲ ಮುಟ್ಟಿದ ರೀತಿ ಸರಿಯಾಗಲಿಲ್ಲ, ಹಾಗಾಗಿ ಪೈಲಟ್‌ಗಳು ವಿಮಾನವನ್ನು ಮೇಲೇರಿಸಿದ್ದಾರೆ. ಇದು ಅವರು ಅಭ್ಯಾಸ ಮಾಡಿರುವ ಕ್ರಮ. ಇಂಧನ ಸಾಕಷ್ಟಿದೆ, ಸ್ವಲ್ಪ ಹೊತ್ತಿನಲ್ಲಿ ಮತ್ತೆ ಇಳಿಯುತ್ತೇವೆ, ಬೆಲ್ಟ್ ಬಿಚ್ಚಬೇಡಿ.’ ಓದಲು ಅರ್ಧ ನಿಮಿಷ ಸಾಕು. ಕನ್ನಡದಲ್ಲಿ ಮೊದಲೇ ಧ್ವನಿಮುದ್ರಿಸಿ ಇಟ್ಟುಕೊಳ್ಳಬಹುದು, ಸೀಟ್ ಬೆಲ್ಟ್ ಕಟ್ಟುವ ವಿಧಾನವನ್ನು ಧ್ವನಿಮುದ್ರಿಸಿ ಇಟ್ಟುಕೊಂಡಿಲ್ಲವೇ? ಇಂಧನದ ಮಾತು ಉಪಚಾರಕ್ಕೆ ಹೇಳಿದ್ದೂ ಅಲ್ಲ. ಬೇರೆ ನಿಲ್ದಾಣಕ್ಕೆ ಹೋಗುವಷ್ಟು, ಅದರ ಮೇಲೆ ಇನ್ನೂ 30 ನಿಮಿಷ ಹಾರುವಷ್ಟು ಇಂಧನ ತುಂಬಿಸಿಕೊಂಡೇ ಹೊರಡಬೇಕೆಂಬ ನಿಯಮವಿದೆ.

ಎರಡನೆಯ ಸಲ ಇಳಿದದ್ದರ ಬಗ್ಗೆ ಬರೆಯಲು ಹೆಚ್ಚೇನಿಲ್ಲ. ಗಟ್ಟಿಯಾಗಿ, ನೇರವಾಗಿ, ಬಿಳಿ ಗುರುತುಗಳ ಮೇಲೆಯೇ ಕೂರಿಸಿದರು. ಒದ್ದೆ ರನ್‌ವೇಯಲ್ಲಿ ಹಾಗೆಯೇ ಕೂರಿಸಬೇಕು. ಬೆಣ್ಣೆಯಂತೆ ಮೆತ್ತಗೆ ಇಳಿಸುತ್ತೇನೆಂದು ತೇಲಿಸುತ್ತ ಹೋದರೆ ರನ್‌ವೇ ಕರಗುತ್ತದೆ, ಚಕ್ರ ನೀರಿನ ಮೇಲೆ ಜಾರುತ್ತದೆ. ಕೆಲವರು ಚಪ್ಪಾಳೆ ತಟ್ಟಿದರು. ಅಮ್ಮ ಶಿಲುಬೆಯ ಗುರುತು ಹಾಕಿಕೊಂಡು ನನ್ನ ಕೈಗೆ ಒಂದು ಕುಲ್ಕುಲ್ ಪೊಟ್ಟಣ ಕೊಟ್ಟರು.

ಇಳಿದ ಮೇಲೆ ಆದ ತಡಕ್ಕೂ ಕಾರಣವಿದೆ, ಅದನ್ನೂ ಹೇಳಬೇಕು. ಅದೇ ವಿಮಾನದಲ್ಲಿ ಬೆಂಗಳೂರಿಗೆ ಹೊರಡಬೇಕಾದವರು ಬಹಳ ಹೊತ್ತು ಕಾದರು, ಅವರೂ ಒಂದು ನಕ್ಷತ್ರ ಕೊಟ್ಟಿದ್ದಾರೆ. ಏರೋಬ್ರಿಜ್‌ನ ಗಾಜಿನಿಂದ ನಾನು ನಿಂತು ನೋಡಿದೆ. ಇಬ್ಬರು ಎಂಜಿನಿಯರ್‌ಗಳು ಮಳೆ ಅಂಗಿ ತೊಟ್ಟು ರೆಕ್ಕೆಯ ಬುಡದಲ್ಲಿ ಕುಳಿತಿದ್ದರು. ಒಬ್ಬರು ಲ್ಯಾಂಡಿಂಗ್ ಗೇರ್‌ನ ಹೊಳೆಯುವ ದಂಡಕ್ಕೆ ಟಾರ್ಚ್ ಬಿಟ್ಟು ಕೆಳಗಿನ ಸೀಲಿನ ಸುತ್ತ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಎಣ್ಣೆ ಸೋರಿದ್ದರೆ ಅದರಲ್ಲಿ ಕಾಣುತ್ತದೆ. ಇನ್ನೊಬ್ಬರು ಟಯರ್‌ನ ಬದಿಯನ್ನು ಅಂಗೈಯಿಂದ ಸವರಿಕೊಂಡು ಬಂದರು. ಹೊಡೆತ ಜೋರಾಗಿತ್ತು ಎನ್ನಿಸಿದರೆ ಪೈಲಟ್ ಅದನ್ನು ಟೆಕ್ನಿಕಲ್ ಲಾಗ್ ಎಂಬ ವಿಮಾನದ ದಾಖಲೆ ಪುಸ್ತಕದಲ್ಲಿ ಬರೆಯಬೇಕು, ಬರೆದ ಮೇಲೆ ಎಂಜಿನಿಯರ್ ಪರೀಕ್ಷಿಸಿ ಸಹಿ ಹಾಕದೆ ಅದು ಕದಲುವಂತಿಲ್ಲ. ಬಿದ್ದ ಹೊಡೆತ ಎಷ್ಟು ಎಂಬುದನ್ನು ವಿಮಾನದ ಉಪಕರಣಗಳು ದಾಖಲಿಸಿರುತ್ತವೆ. ಎ320ಯಲ್ಲಿ ಅದು ಗುರುತ್ವದ 2.6 ಪಟ್ಟು ಮುಟ್ಟಿದರೆ ‘ಹಾರ್ಡ್ ಲ್ಯಾಂಡಿಂಗ್’ ಎಂದು ಲೆಕ್ಕ, ಆಗ ಪರೀಕ್ಷೆಯ ಪಟ್ಟಿ ಇನ್ನೂ ಉದ್ದವಾಗುತ್ತದೆ. ಇಲ್ಲಿ ವಿಮಾನ ಅದೇ ರಾತ್ರಿ ಹೊರಟಿತು, ಅಂದರೆ ಹೊಡೆತ ಅಷ್ಟು ದೊಡ್ಡದಿರಲಿಲ್ಲ ಎಂದು ನನ್ನ ಅಂದಾಜು. ಹಾಗಿದ್ದೂ ಪ್ರಾಮಾಣಿಕವಾಗಿ ಲಾಗ್ ಬರೆದ ಕ್ಯಾಪ್ಟನ್‌ಗೂ, ಮಳೆಯಲ್ಲಿ ಮಂಡಿಯೂರಿದ ಆ ಇಬ್ಬರಿಗೂ ನನ್ನ ನಮಸ್ಕಾರ. ಕಾದವರಿಗೆ ಗೇಟಿನಲ್ಲಿ ಈ ಕಾರಣವನ್ನು ಯಾರೂ ಹೇಳಲಿಲ್ಲವಂತೆ. ಮತ್ತೆ ಅದೇ ಲೋಪ.

ಉಳಿದದ್ದು ಸಂಕ್ಷೇಪವಾಗಿ. ಸೀಟು ಇಕ್ಕಟ್ಟು, ಮೊಣಕಾಲು ಮುಂದಿನ ಸೀಟಿಗೆ ತಾಗುತ್ತದೆ. ಬಿಸಿನೀರು ಸುರಿದು ಕೊಡುವ ಉಪ್ಪಿಟ್ಟು ಪರವಾಗಿಲ್ಲ, ಬೆಲೆ ಜಾಸ್ತಿ. ಕ್ಯಾಬಿನ್ ಸ್ವಚ್ಛವಾಗಿತ್ತು. ಬ್ಯಾಗುಗಳು ಬೇಗ ಬಂದವು.

ವಿಮಾನಯಾನ ಸಂಸ್ಥೆಯವರು ಇದನ್ನು ಓದುತ್ತಿದ್ದರೆ ಎರಡು ಕೆಲಸ ಮಾಡಲಿ. ಆ ಸಂಜೆಯ ಇಬ್ಬರು ಪೈಲಟ್‌ಗಳಿಗೆ ಈ ನಾಲ್ಕು ನಕ್ಷತ್ರವನ್ನು ಲಿಖಿತವಾಗಿ ತಲುಪಿಸಲಿ, ಒಂದು ನಕ್ಷತ್ರದವುಗಳ ಜೊತೆಗೇ ಅವರ ಕಣ್ಣಿಗೆ ಇದೂ ಬೀಳಲಿ. ಮಂಗಳೂರು, ಹುಬ್ಬಳ್ಳಿ, ಬೆಳಗಾವಿಗೆ ಹೋಗುವ ವಿಮಾನಗಳಲ್ಲಿ ಗೋ-ಅರೌಂಡ್ ಪ್ರಕಟಣೆಯನ್ನು ಕನ್ನಡದಲ್ಲಿ ಧ್ವನಿಮುದ್ರಿಸಿ ಇಟ್ಟುಕೊಳ್ಳಲಿ. ದಸರೆಯ ಹೊತ್ತಿಗೆ ಇದೇ ಸಂಜೆಯ ವಿಮಾನಕ್ಕೆ ಮತ್ತೆ ಟಿಕೆಟ್ ಕಾದಿರಿಸಿದ್ದೇನೆ, ಸೀಟೂ ಅದೇ. ಆ ಪ್ರಕಟಣೆ ತಯಾರಾಗಿದೆ ಎಂದು ತಿಳಿಸಿದರೆ ಐದನೆಯ ನಕ್ಷತ್ರವನ್ನು ಇಲ್ಲಿಯೇ ಸೇರಿಸುತ್ತೇನೆ.